ತಿದಿಯ ಮರ್ಯಾದೆ

ಭದ್ರಾವತಿಯ ನ್ಯೂ ಟೌನಿನಲ್ಲಿ, ಕಾರ್ಖಾನೆಯ ವಸತಿಗೃಹಗಳ ಸಾಲು ಮುಗಿದು ಸ್ವಂತದ ಮನೆಗಳು ಮೊದಲಾಗುವೆಡೆಯಲ್ಲಿ, ಎದುರಿಗೊಂದು ಹೊಂಗೆಯ ಮರವುಳ್ಳ ಜಗಲಿಯ ಮೇಲೆ, ಏಪ್ರಿಲ್ ತಿಂಗಳ ಒಂದು ಭಾನುವಾರ ಬೆಳಗ್ಗೆ ನಡೆದ ಮಾತುಕತೆ ಇದು. ಮಾತನಾಡಿದವರಲ್ಲಿ ಒಬ್ಬರು ಕಬ್ಬಿಣದ ಕಾರ್ಖಾನೆಯಲ್ಲಿ ಊದುಕುಲುಮೆಗೆ ಗಾಳಿಯನ್ನೊದಗಿಸುವ ಬ್ಲೋವರುಗಳ ಮುಂದೆ ಮೂವತ್ತು ವರ್ಷಕ್ಕೂ ಮಿಕ್ಕು ಕುಳಿತು ನಿವೃತ್ತರಾದವರು. ಇನ್ನೊಬ್ಬನು ಅವರ ತಂಗಿಯ ಮಗ, ಶಿವಮೊಗ್ಗದಲ್ಲಿ ಉದ್ಯೋಗ, ವಯಸ್ಸು ಇನ್ನೂ ಮೂವತ್ತಾಗಿಲ್ಲ. ಹಳೆಯದೊಂದು 1.8 ಲೀಟರಿನ ಕಾರನ್ನು, ಹಿಂದಿನ ಒಡೆಯನು ಅದಕ್ಕೆ ಸೂಪರ್‌ಚಾರ್ಜರ್ ಜೋಡಿಸಿದ್ದನೆಂಬ ಒಂದೇ ಕಾರಣಕ್ಕಾಗಿ ಕೊಂಡಿದ್ದ ಆತನು, ಬಿ.ಎಚ್. ರಸ್ತೆಯ ಇಪ್ಪತ್ತು ಕಿಲೋಮೀಟರುಗಳನ್ನು ಸಿಳ್ಳು ಹಾಕಿಸುತ್ತ ಬಂದು, ಹಳೆಯ ಬಟ್ಟೆಯಲ್ಲಿ ಸುತ್ತಿದ ಏನನ್ನೋ ಕೈಯಲ್ಲಿ ಹಿಡಿದು ಮೆಟ್ಟಿಲೇರಿದನು.

ಅಳಿಯ: ಕಾರಿನ ಸದ್ದು ಒಳಗೆ ಕೇಳಿಸಿತೆ, ಮಾವ?

ಮಾವ: ಕೇಳಿಸಿತಪ್ಪ. ಕುಕ್ಕರ್ ಕೂಗಿತೆಂದು ನಿನ್ನ ಅತ್ತೆ ಒಲೆಯನ್ನೇ ಆರಿಸಿಬಿಟ್ಟಳು. ನನಗೆ ಮಾತ್ರ ಆ ಸಿಳ್ಳು ಹಳೆಯ ಪರಿಚಯ. ಕೈಯಲ್ಲಿರುವುದೇನು?

ಅಳಿಯ: ಪುಲ್ಲಿ. ಈಗ ಸೂಪರ್‌ಚಾರ್ಜರಿನ ಮೇಲಿರುವುದು 75 ಮಿಲಿಮೀಟರಿನದು, ಇದು 68. ಮಾಚೇನಹಳ್ಳಿಯಲ್ಲಿ ಒಬ್ಬರ ಲೇತಿನಲ್ಲಿ ಮಾಡಿಸಿದೆ. ಪುಲ್ಲಿ ಚಿಕ್ಕದಾದಷ್ಟೂ ಸೂಪರ್‌ಚಾರ್ಜರ್ ಬೇಗ ತಿರುಗುತ್ತದಲ್ಲವೆ? ಚದರ ಅಂಗುಲಕ್ಕೆ 6 ಪೌಂಡಿರುವ ಬೂಸ್ಟು 9 ಪೌಂಡಿಗೇರುತ್ತದೆ. ಒತ್ತಡ ಅರ್ಧದಷ್ಟು ಹೆಚ್ಚಿದರೆ ಗಾಳಿ ಅರ್ಧದಷ್ಟು ಹೆಚ್ಚಿತು. ಗಾಳಿ ಹೆಚ್ಚಿದರೆ ಶಕ್ತಿ ಹೆಚ್ಚಿತು. ನಿಮ್ಮನ್ನು ಒಂದು ಮಾತು ಕೇಳಿ ಹಾಕಿಸೋಣವೆಂದು ಬಂದೆ.

ಮಾವ: ಕೇಳಿ ಹಾಕಿಸುವವನು ಮಾಡಿಸುವುದಕ್ಕೆ ಮುಂಚೆ ಕೇಳುತ್ತಾನೆ. ಇರಲಿ, ಕುಳಿತುಕೊ. ನಿನ್ನ ಸೂಪರ್‌ಚಾರ್ಜರಿನೊಳಗೆ ಎರಡು ದಪ್ಪ ಸೌತೆಕಾಯಿಗಳಂತಹ ಉಕ್ಕಿನ ಅಥವಾ ಅಲ್ಯುಮಿನಿಯಮ್ಮಿನ ತಿರುಗಣೆಗಳು ಒಂದನ್ನೊಂದು ಮುಟ್ಟದೆ, ಒಂದರ ತಗ್ಗಿಗೆ ಇನ್ನೊಂದರ ಉಬ್ಬು ಬರುವಂತೆ ತಿರುಗುತ್ತವೆಯೆ?

ಅಳಿಯ: ಹೌದು, ರೂಟ್ಸ್ ಮಾದರಿಯದು.

ಮಾವ: ಹಾಗಾದರೆ ಅದು ನಮ್ಮ ಮನೆಯ ಕೂಸು, ನಿಮ್ಮ ಕಾರುಗಳ ಮನೆಗೆ ದತ್ತು ಹೋದದ್ದು. ಅಮೆರಿಕದ ಇಂಡಿಯಾನಾ ಸೀಮೆಯ ಕಾನರ್ಸ್‌ವಿಲ್ ಎಂಬ ಊರಿನಲ್ಲಿ ಉಣ್ಣೆಯ ಗಿರಣಿ ನಡೆಸುತ್ತಿದ್ದ ಫಿಲಾಂಡರ್ ಮತ್ತು ಫ್ರಾನ್ಸಿಸ್ ರೂಟ್ಸ್ ಎಂಬ ಸೋದರರು ನೀರಿನ ಚಕ್ರವೊಂದನ್ನು ಮಾಡಲು ಹೊರಟು, ಅದು ನೀರಿಗಿಂತ ಗಾಳಿಯನ್ನೇ ಚೆನ್ನಾಗಿ ತಳ್ಳುತ್ತದೆಂಬುದನ್ನು ಕಂಡುಕೊಂಡು, 1860ರಲ್ಲಿ ಅದಕ್ಕೆ ಹಕ್ಕುಪತ್ರ ಪಡೆದರು. ಅದನ್ನು ಮೊದಲು ಬರಮಾಡಿಕೊಂಡವರು ಎರಕದ ಮನೆಗಳವರು ಮತ್ತು ಕುಲುಮೆಗಳವರು, ಎಂದರೆ ತಿದಿಯನ್ನೊತ್ತಿ ಒತ್ತಿ ಬೇಸತ್ತಿದ್ದ ಜನ. ಬರ್ಲಿನ್ ಪ್ರದರ್ಶನದಲ್ಲಿ ಮರ್ಸಿಡಿಸ್ ಸಂಸ್ಥೆಯವರು ಊದುಯಂತ್ರವುಳ್ಳ ಕಾರುಗಳನ್ನು ಮಾರಾಟಕ್ಕೆಂದು ಇಟ್ಟದ್ದು 1921ರಲ್ಲಿ. ಆ ನಡುವಣ ಅರುವತ್ತು ವರ್ಷ ಈ ಯಂತ್ರಕ್ಕೆ ಅನ್ನ ಹಾಕಿದ್ದು ಕಬ್ಬಿಣ. ಆದ್ದರಿಂದ ಅದರ ಗುಣಾವಗುಣಗಳನ್ನು ತವರಿನವರಾದ ನಾವು ಹೇಳಿದರೆ ನೀನು ಸ್ವಲ್ಪ ಕೇಳಬೇಕಾಗುತ್ತದೆ.

ಅಳಿಯ: ಅದಕ್ಕಾಗಿಯೇ ಬಂದದ್ದು.

ಮಾವ: ಮೊದಲನೆಯದಾಗಿ, ನಿನ್ನ ಬೂಸ್ಟು ಅಳೆಯುವ ಗಡಿಯಾರದ ಮುಳ್ಳು ಯಾವುದನ್ನು ತೋರಿಸುತ್ತದೆಯೆಂದು ತಿಳಿದಿದ್ದೀಯೆ?

ಅಳಿಯ: ಎಂಜಿನ್ನಿಗೆ ಹೋಗುವ ಗಾಳಿಯನ್ನು.

ಮಾವ: ಅಲ್ಲ. ಎಂಜಿನ್ನಿಗೆ ಹೋಗಲಾರದೆ ಬಾಗಿಲಲ್ಲಿ ನಿಂತಿರುವ ಗಾಳಿಯನ್ನು. ಇದು ನನಗೆ ಕೆಲಸಕ್ಕೆ ಸೇರಿದ ಮೊದಲ ವರ್ಷವೇ ತಿಳಿದ ಸಂಗತಿ. ಊದುಕುಲುಮೆಯಲ್ಲಿ ಮೇಲಿನಿಂದ ಅದಿರು, ಇದ್ದಲು, ಸುಣ್ಣಕಲ್ಲು ಇಳಿಯುತ್ತಿರುತ್ತವೆ. ಕೆಳಗಿನಿಂದ ಗಾಳಿ ಏರುತ್ತಿರುತ್ತದೆ. ಕೆಲವೊಮ್ಮೆ ಆ ಸರಕು ಇಳಿಯದೆ ನಡುವೆ ಸೇತುವೆ ಕಟ್ಟಿದಂತೆ ನಿಂತುಬಿಡುತ್ತದೆ. ‘ಹ್ಯಾಂಗ್ ಆಗಿದೆ’ ಎನ್ನುತ್ತಿದ್ದೆವು. ಆಗ ಒತ್ತಡದ ಮುಳ್ಳು ಸರಸರನೆ ಮೇಲಕ್ಕೇರುತ್ತದೆ. ಆದರೆ ಒಳಗೆ ಹೋಗುವ ಗಾಳಿ ಕುಗ್ಗುತ್ತದೆ. ಹೊಸಬನು ಮುಳ್ಳನ್ನು ನೋಡಿ ಕುಲುಮೆ ಭರ್ಜರಿಯಾಗಿ ನಡೆಯುತ್ತಿದೆಯೆಂದು ಹಿಗ್ಗುತ್ತಾನೆ. ಹಳಬನು ಮುಳ್ಳನ್ನು ನೋಡಿ ಗಾಳಿಯನ್ನು ತಗ್ಗಿಸಲು ಓಡುತ್ತಾನೆ. ತಗ್ಗಿಸಿದರೇನೆ ಸರಕು ಕೆಳಗೆ ಜಾರುವುದು.

ಅಳಿಯ: ಎಂಜಿನ್ನಿನಲ್ಲಿಯೂ ಹಾಗೆಯೆ?

ಮಾವ: ಅದೇ ನ್ಯಾಯ. ನಿನ್ನ ಊದುಯಂತ್ರವು ಸುತ್ತಿಗೆ ಇಷ್ಟೆಂದು ಗಾಳಿಯನ್ನು ಹೊತ್ತು ಹಾಕುತ್ತದೆ. ಕವಾಟಗಳ ಇಕ್ಕಟ್ಟಿನಲ್ಲಿ ಎಂಜಿನ್ನು ಅಷ್ಟನ್ನು ನುಂಗಲಾರದೆ ಹೋದಾಗ ಉಳಿದದ್ದು ಒತ್ತೊತ್ತಾಗಿ ನಿಲ್ಲುತ್ತದೆ, ಮುಳ್ಳು ಅದನ್ನು ತೋರುತ್ತದೆ. ಹೊಗೆಕೊಳವೆಯನ್ನು ಸ್ವಲ್ಪ ಅಗಲಿಸಿ, ಕವಾಟದ ದಾರಿಯನ್ನು ನುಣುಪುಗೊಳಿಸಿ ನೋಡು: ಅದೇ ಪುಲ್ಲಿಯಲ್ಲಿ ಮುಳ್ಳು 6ರಿಂದ 5ಕ್ಕಿಳಿಯಬಹುದು, ಆದರೂ ಬಂಡಿ ಮೊದಲಿಗಿಂತ ಚುರುಕಾಗಿರುತ್ತದೆ. ಆಗ ನೀನು ಗೆಳೆಯರೊಡನೆ ‘ನನ್ನದು ಐದೇ ಪೌಂಡು’ ಎಂದು ನಾಚಿಕೊಂಡು ಹೇಳಬೇಕಾಗುತ್ತದೆ, ಅಷ್ಟೆ.

ಅಳಿಯ: ಅವರೆಲ್ಲ ಬೂಸ್ಟಿನ ಅಂಕಿಯನ್ನೇ ಕೇಳುವುದು, ಮಾವ. ಬೆಂಗಳೂರಿನ ಒಬ್ಬಾತ 12 ಪೌಂಡಿನಲ್ಲಿ ಓಡಿಸುತ್ತಾನೆ.

ಮಾವ: ಅವನ ಪಿಸ್ಟನ್ನು ಯಾವುದು?

ಅಳಿಯ: ಬದಲಾಯಿಸಿದ್ದಾನಂತೆ, ಫೋರ್ಜ್ ಮಾಡಿದ್ದು. ಸಂಪೀಡನದ ಪ್ರಮಾಣವನ್ನೂ 8.5ಕ್ಕೆ ಇಳಿಸಿದ್ದಾನೆ.

ಮಾವ: ನಿನ್ನದು?

ಅಳಿಯ: ಮೂಲದ್ದೇ. 10ಕ್ಕೆ 1.

ಮಾವ: ಎಂದರೆ ಊದುಯಂತ್ರವಿಲ್ಲದೆ ಬದುಕಲೆಂದು ಹುಟ್ಟಿದ ಎಂಜಿನ್ನು. ಈ ಭದ್ರಾವತಿಯ ಕುಲುಮೆಯ ಪೂರ್ವಕಥೆಯನ್ನು ಕೇಳು, ನಿನ್ನ ಪಿಸ್ಟನ್ನಿಗೆ ಅದು ಸಂಬಂಧಿಸಿದೆ. ಬೆಂಕಿಪುರವೆಂದು ಕರೆಯಿಸಿಕೊಳ್ಳುತ್ತಿದ್ದ ಈ ಊರಿನಲ್ಲಿ ಕಾರ್ಖಾನೆಯ ಕೆಲಸ 1918ರಲ್ಲಿ ಮೊದಲಾಗಿ, 1923ರ ಜನವರಿಯಲ್ಲಿ ಕಬ್ಬಿಣ ಹರಿಯಿತು. ಆ ವರ್ಷದಿಂದ 1929ರ ವರೆಗೆ ವಿಶ್ವೇಶ್ವರಯ್ಯನವರು ಆಡಳಿತ ಮಂಡಲಿಯ ಅಧ್ಯಕ್ಷರಾಗಿದ್ದು ಅದನ್ನು ನೆಲೆಗೊಳಿಸಿದರು. ಅದಿರು ಕೆಮ್ಮಣ್ಣುಗುಂಡಿಯ ಬೆಟ್ಟದಿಂದ ತಂತಿಯ ಮೇಲಿನ ತೊಟ್ಟಿಲುಗಳಲ್ಲಿ ಇಳಿದು ಬರುತ್ತಿತ್ತು. ಆದರೆ ಕಲ್ಲಿದ್ದಲು ನಮ್ಮ ಸೀಮೆಯಲ್ಲಿಲ್ಲ. ಆದ್ದರಿಂದ ಮಲೆನಾಡಿನ ಸೌದೆಯನ್ನು ಸುಟ್ಟ ಇದ್ದಲಿನಿಂದಲೇ ಕುಲುಮೆ ನಡೆಯಬೇಕಾಯಿತು. ಸೌದೆಯಿದ್ದಲು ನಿರ್ಮಲವಾದದ್ದು, ಗಂಧಕವಿಲ್ಲದ್ದು; ಅದರಿಂದ ಬರುವ ಕಬ್ಬಿಣ ಬಹಳ ಒಳ್ಳೆಯ ಕಬ್ಬಿಣ. ಒಂದೇ ಕೊರತೆ ಏನೆಂದರೆ ಅದು ಮೆತ್ತಗಿನದು. ಕಲ್ಲಿದ್ದಲಿನ ಕೋಕಿನಂತೆ ಭಾರ ಹೊರಲಾರದು. ಕುಲುಮೆಯನ್ನು ಎತ್ತರವಾಗಿ ಕಟ್ಟಿದರೆ ಮೇಲಿನ ಸರಕಿನ ತೂಕಕ್ಕೆ ಪುಡಿಯಾಗಿ ಗಾಳಿಯ ದಾರಿಯನ್ನೇ ಮುಚ್ಚುತ್ತದೆ. ಆದಕಾರಣ ಸೌದೆಯಿದ್ದಲಿನ ಕುಲುಮೆಗಳೆಲ್ಲ ಜಗತ್ತಿನ ಎಲ್ಲೆಡೆಯಲ್ಲಿಯೂ ಕುಳ್ಳಾಗಿರುತ್ತವೆ, ಅವುಗಳ ಗಾಳಿಯೂ ಸೌಮ್ಯವಾಗಿರುತ್ತದೆ. ಊದುವ ಯಂತ್ರಕ್ಕೆ ಇನ್ನಷ್ಟು ಒತ್ತುವ ಸಾಮರ್ಥ್ಯವಿದ್ದರೂ ಒತ್ತುವ ಹಾಗಿಲ್ಲ. ತಿದಿಯ ಮರ್ಯಾದೆಯನ್ನು ಗೊತ್ತುಮಾಡುವುದು ತಿದಿಯಲ್ಲ, ಇದ್ದಲು.

ಅಳಿಯ: ನನ್ನ ಎಂಜಿನ್ನಿನ ಇದ್ದಲು ಪಿಸ್ಟನ್ನು ಎನ್ನುತ್ತೀರಿ.

ಮಾವ: ಪಿಸ್ಟನ್ನಿನಲ್ಲಿ ರಿಂಗುಗಳನ್ನು ಕೂರಿಸಿದ ಎರಡು ಕೊರಕಲುಗಳ ನಡುವೆ ಒಂದು ತೆಳುವಾದ ಏಣು ಇರುತ್ತದೆ. ಎರಕದ ಪಿಸ್ಟನ್ನಿನಲ್ಲಿ ಮೊದಲು ಮುರಿಯುವುದು ಬಹುಮಟ್ಟಿಗೆ ಅದೇ. ಆದರೆ ಅದನ್ನು ಮುರಿಯುವುದು ನಿನ್ನ 9 ಪೌಂಡಿನ ಒತ್ತಡವಲ್ಲ. ಆ ಒತ್ತಡ ಎಳೆದು ತರುವ ಬಿಸಿ. ಅದಕ್ಕೆ ಬರುತ್ತೇನೆ. ಮೊದಲು ನನಗೊಂದು ಸಂಶಯವಿದೆ, ನೀನು ಬಿಡಿಸು. 1828ರಲ್ಲಿ ಗ್ಲಾಸ್ಗೋವಿನ ನೀಲ್ಸನ್ ಎಂಬಾತನು ಕುಲುಮೆಗೆ ಹೋಗುವ ಗಾಳಿಯನ್ನು ಮೊದಲೇ ಕಾಯಿಸಿ ಕಳುಹಿಸಿದರೆ ಇದ್ದಲು ಎಷ್ಟೋ ಉಳಿಯುತ್ತದೆಂದು ತೋರಿಸಿಕೊಟ್ಟನು. ಅಂದಿನಿಂದ ನಾವು ಗಾಳಿಯನ್ನು ನೂರಾರು ಡಿಗ್ರಿಗೆ ಕಾಯಿಸಿಯೇ ಊದುತ್ತ ಬಂದಿದ್ದೇವೆ. ಬೆಂಕಿಗೆ ಬಿಸಿಗಾಳಿ ಒಳ್ಳೆಯದಾದ ಮೇಲೆ, ನಿನ್ನ ಎಂಜಿನ್ನಿಗೂ ಅದು ಒಳ್ಳೆಯದೇ ಆಗಬೇಕಲ್ಲ?

ಅಳಿಯ: ಇಲ್ಲ ಮಾವ, ಇಲ್ಲಿ ಕುಲುಮೆಯ ನ್ಯಾಯ ನಡೆಯದು. ಕುಲುಮೆಯ ಬೆಂಕಿ ಯಾವಾಗಲೂ ಉರಿಯುತ್ತಲೇ ಇರುತ್ತದೆ. ಎಂಜಿನ್ನಿನ ಬೆಂಕಿ ಹೇಳಿದ ಕ್ಷಣದಲ್ಲಿ ಮಾತ್ರ ಹೊತ್ತಿಕೊಳ್ಳಬೇಕು. ಪ್ಲಗ್ಗಿನ ಕಿಡಿಯಿಂದ ಹೊರಟ ಜ್ವಾಲೆ ಸಿಲಿಂಡರಿನ ಈ ಬದಿಯಿಂದ ಆ ಬದಿಗೆ ನಡೆದು ಹೋಗಬೇಕು. ಗಾಳಿ ಮೊದಲೇ ಬಿಸಿಯಾಗಿದ್ದರೆ, ಜ್ವಾಲೆ ತಲುಪುವುದಕ್ಕೆ ಮುಂಚೆಯೇ ದೂರದ ಮೂಲೆಯಲ್ಲಿ ಉಳಿದ ಮಿಶ್ರಣ ತಾನಾಗಿಯೇ ಒಮ್ಮೆಗೆ ಸಿಡಿಯುತ್ತದೆ. ಅದೇ ನಾಕಿಂಗ್. ತಗಡಿನ ಡಬ್ಬಿಯಲ್ಲಿ ಕಲ್ಲು ಕುಲುಕಿದಂತೆ ಸದ್ದು. ಅದಲ್ಲದೆ ಬಿಸಿಗಾಳಿ ಹಗುರ. ಅದೇ ಸಿಲಿಂಡರಿನಲ್ಲಿ ಕಡಮೆ ಗಾಳಿ ಹಿಡಿಸುತ್ತದೆ.

ಮಾವ: ಭೇಷ್. ಹಾಗಾದರೆ ನಿನ್ನ ಊದುಯಂತ್ರದಿಂದ ಹೊರಟ ಗಾಳಿ ಎಷ್ಟು ಬಿಸಿಯಾಗಿರುತ್ತದೆ?

ಅಳಿಯ: ಅಳೆದಿಲ್ಲ.

ಮಾವ: ಸೈಕಲ್ಲಿಗೆ ಪಂಪು ಹೊಡೆದವರೆಲ್ಲರಿಗೂ ಕೈ ಸುಟ್ಟು ತಿಳಿದಿರುತ್ತದೆ. ಆ ಪತ್ರಿಕೆಯನ್ನೂ ಪೆನ್ಸಿಲನ್ನೂ ಇತ್ತ ಕೊಡು. ಸಮುದ್ರದ ದಡದಲ್ಲಿ ವಾಯುವಿನ ಒತ್ತಡ ಚದರ ಅಂಗುಲಕ್ಕೆ 14.7 ಪೌಂಡು. ನಿಮ್ಮ ಶಿವಮೊಗ್ಗ ಸುಮಾರು 570 ಮೀಟರು ಎತ್ತರದಲ್ಲಿದೆ. ಅಲ್ಲಿ ಅದು 13.7ರ ಸುತ್ತಮುತ್ತ. ಅದರ ಮೇಲೆ 6 ಪೌಂಡು ಸೇರಿದರೆ 19.7, ಎಂದರೆ ಗಾಳಿಯನ್ನು 1.44ರಷ್ಟು ಒತ್ತಿದಂತಾಯಿತು. 9 ಸೇರಿದರೆ 22.7, ಅದು 1.66. ಹೊರಗಿನ ಸೆಕೆ 35 ಡಿಗ್ರಿ ಎಂದಿಟ್ಟುಕೊ. ರೂಟ್ಸ್ ಯಂತ್ರ ಒತ್ತುವುದರಲ್ಲಿ ಅಷ್ಟು ದಕ್ಷವಾದದ್ದಲ್ಲ, ಹಾಕಿದ ಶಕ್ತಿಯಲ್ಲಿ ಬಹಳಷ್ಟನ್ನು ಬಿಸಿಯಾಗಿಯೇ ಕಳೆಯುತ್ತದೆ. ನೂರಕ್ಕೆ 55ರ ದಕ್ಷತೆಯೆಂದು ಹಿಡಿಯೋಣ. 6 ಪೌಂಡಿನಲ್ಲಿ ಗಾಳಿ ಸುಮಾರು 95 ಡಿಗ್ರಿಯಲ್ಲಿ ಹೊರಡುತ್ತದೆ. 9 ಪೌಂಡಿನಲ್ಲಿ ಸುಮಾರು 120.

ಅಳಿಯ: ನೀರು ಕುದಿಯುವುದಕ್ಕಿಂತ ಮೇಲೆ!

ಮಾವ: ಇನ್ನು ಆ ಬಿಸಿಗೆ ಹಿಗ್ಗಿದ ಗಾಳಿಯ ನಿಜವಾದ ತೂಕವನ್ನು ನೋಡು. ಊದುಯಂತ್ರವಿಲ್ಲದಾಗ ಎಂಜಿನ್ನು 100 ಪಾಲು ಗಾಳಿ ಕುಡಿಯುತ್ತಿತ್ತೆಂದರೆ, 6 ಪೌಂಡಿನಲ್ಲಿ 120 ಕುಡಿಯುತ್ತದೆ. 9ರಲ್ಲಿ ಎಷ್ಟಿರಬಹುದು, ಹೇಳು.

ಅಳಿಯ: ಅರ್ಧದಷ್ಟು ಹೆಚ್ಚೆಂದು ನಾನಂದುಕೊಂಡಿದ್ದೆ… ನೂರೈವತ್ತು?

ಮಾವ: 129. ಅರ್ಧದಷ್ಟು ಒತ್ತಡವನ್ನೇರಿಸಿ ನೀನು ಸಂಪಾದಿಸಿದ್ದು ನೂರಿಪ್ಪತ್ತಕ್ಕೆ ಒಂಬತ್ತು ಪಾಲು. ಅದರಲ್ಲಿಯೂ ಊದುಯಂತ್ರವನ್ನು ತಿರುಗಿಸಲು ಬೆಲ್ಟು ಎಂಜಿನ್ನಿನಿಂದ ಕಸಿದುಕೊಳ್ಳುವ ಶಕ್ತಿ ಹತ್ತು ಅಶ್ವಶಕ್ತಿಯಿಂದ ಹದಿನೈದರ ಹತ್ತಿರಕ್ಕೇರುತ್ತದೆ. ನಾಕಿಂಗಿಗೆ ಹೆದರಿ ಕಿಡಿಯನ್ನು ಹಿಂದಕ್ಕೆ ಸರಿಸಬೇಕು. ಪೌಂಡಿಗೆ ಒಂದು ಡಿಗ್ರಿಯಂತೆ ಸರಿಸುವುದು ಹಳೆಯ ಮೆಕ್ಯಾನಿಕ್ಕುಗಳ ರೂಢಿ. ಅಲ್ಲಿಯೂ ಸ್ವಲ್ಪ ಹೋಯಿತು. ಉಳಿಯುವುದೇನು? ಸಿಳ್ಳು.

ಅಳಿಯ: ಇದು ಅನ್ಯಾಯ, ಮಾವ.

ಮಾವ: ಲೆಕ್ಕ ಇನ್ನೂ ಮುಗಿದಿಲ್ಲ. ಪುಲ್ಲಿಯನ್ನು ಮುಟ್ಟಬೇಡ. ಅದೇ 6 ಪೌಂಡಿನ ಗಾಳಿಯನ್ನು ಎಂಜಿನ್ನಿನ ಬಾಗಿಲಿಗೆ ಬರುವ ಮೊದಲು ಒಂದು ಇಂಟರ್‌ಕೂಲರಿನಲ್ಲಿ ಹಾಯಿಸಿ 50 ಡಿಗ್ರಿಗಿಳಿಸು. ಎಂಜಿನ್ನು ಕುಡಿಯುವುದು 137 ಪಾಲು. ಕೂಲರಿಲ್ಲದ ಒಂಬತ್ತಕ್ಕಿಂತ ಕೂಲರುಳ್ಳ ಆರು ಮಿಗಿಲು. ಪಿಸ್ಟನ್ನಿನ ಮೇಲೆ ಹೊರೆಯೋ ಎಷ್ಟೋ ಕಡಮೆ. ಒಳಗೆ ಬರುವಾಗ ಒಂದು ಡಿಗ್ರಿ ಹೆಚ್ಚಿದ್ದ ಬಿಸಿ, ನಿನ್ನ 10ಕ್ಕೆ 1ರ ಸಂಪೀಡನ ಮುಗಿಯುವ ವೇಳೆಗೆ ಎರಡು ಡಿಗ್ರಿಗೂ ಮಿಕ್ಕಿ ಬೆಳೆದಿರುತ್ತದೆ. ಬಾಗಿಲಲ್ಲಿ ಎಪ್ಪತ್ತು ಡಿಗ್ರಿ ತಗ್ಗಿಸಿದೆಯಾದರೆ ಒಳಗೆ ನೂರೈವತ್ತರ ಹತ್ತಿರ ತಗ್ಗಿಸಿದಂತೆ.

ಅಳಿಯ: ಈ ಲೆಕ್ಕವನ್ನು ನನಗೆ ಪುಲ್ಲಿ ಮಾರಿದವರು ಯಾರೂ ಹೇಳಲಿಲ್ಲ.

ಮಾವ: ಲೇತಿನವನನ್ನು ಪುಲ್ಲಿ ಕೇಳಿದರೆ ಪುಲ್ಲಿ ಕೊಡುತ್ತಾನೆ. ಅದು ಅವನ ಧರ್ಮ. ಆದರೆ ಇನ್ನೊಂದು ಮಾತು: ಕೂಲರ್ ಇದ್ದರೂ ಅದು ಓಡುವ ಗಾಳಿಯನ್ನು ನಂಬಿಕೊಂಡದ್ದು. ಶಿವಮೊಗ್ಗದ ಗೋಪಿ ವೃತ್ತದ ಸಿಗ್ನಲ್ಲಿನಲ್ಲಿ ಹತ್ತು ನಿಮಿಷ ತೆವಳಿದ ತರುವಾಯ ಬಾನೆಟ್ಟಿನ ಕೆಳಗಿನ ಕಬ್ಬಿಣವೆಲ್ಲ ಕಾದ ಹೆಂಚಾಗಿರುತ್ತದೆ. ಆಗ ದಾರಿ ಸಿಕ್ಕಿತೆಂದು ಒಮ್ಮೆಗೆ ಕಾಲೊತ್ತುವವನಿಗೆ ಕೂಲರ್ ಏನೂ ಮಾಡಲಾರದು. ಹೊನ್ನಾವರಕ್ಕೋ ಉಡುಪಿಗೋ ಘಟ್ಟವಿಳಿದು ಹೋದೆಯೆಂದರೆ ಬೇರೊಂದು ಸ್ವಾರಸ್ಯ: ಅಲ್ಲಿ ಗಾಳಿ ದಟ್ಟ. ಇಲ್ಲಿ 9 ತೋರಿಸುವ ಮುಳ್ಳು ಅಲ್ಲಿ ಒಂಬತ್ತೂವರೆಯನ್ನು ದಾಟುತ್ತದೆ, ನೀನು ಯಾವ ತಿರುಪನ್ನೂ ಮುಟ್ಟದಿದ್ದರೂ. ಶಿವಮೊಗ್ಗದ ಅಂಚಿಗೆ ಸರಿಯಾಗಿ ಹೊಂದಿಸಿದ ಎಂಜಿನ್ನು ಕಡಲ ತಡಿಯಲ್ಲಿ ಅಂಚು ಮೀರುತ್ತದೆ.

ಅಳಿಯ: ಹಾಗಾದರೆ ಬೂಸ್ಟು ಏರಿಸುವುದೇ ತಪ್ಪೆ? ಜಗತ್ತಿನಲ್ಲಿ ಯಾರೂ ಏರಿಸಿಲ್ಲವೆ?

ಮಾವ: ಏರಿಸಿದ್ದಾರೆ, ಅದೂ ಪ್ರಾಣವನ್ನು ಪಣವಾಗಿಟ್ಟು. ಎರಡನೆಯ ಮಹಾಯುದ್ಧದಲ್ಲಿ ಮೈಸೂರು ಸಂಸ್ಥಾನದ ಹಣದ ನೆರವಿನಿಂದ ಬ್ರಿಟಿಷ್ ವಾಯುಸೇನೆಯಲ್ಲಿ ಒಂದು ದಳ ನಡೆಯುತ್ತಿತ್ತು, ಬಲ್ಲೆಯಾ? 129ನೆಯ ‘ಮೈಸೂರು’ ಸ್ಕ್ವಾಡ್ರನ್. 1941ರಲ್ಲಿ ಸ್ಪಿಟ್‌ಫೈರ್ ವಿಮಾನಗಳೊಡನೆ ಮೊದಲಾಯಿತು. ಅದರ ಲಾಂಛನದಲ್ಲಿದ್ದದ್ದು ನಮ್ಮ ಗಂಡಭೇರುಂಡ.

ಅಳಿಯ: ಗಂಡಭೇರುಂಡವನ್ನು ಹೊತ್ತ ಸ್ಪಿಟ್‌ಫೈರ್! ಇದನ್ನು ನಾನೆಲ್ಲಿಯೂ ಕೇಳಿರಲಿಲ್ಲ.

ಮಾವ: ಬಸ್ಸಿನ ಮೇಲೆ ಗಂಡಭೇರುಂಡವನ್ನು ಕಂಡವರಿಗೆ ಅದು ಯುರೋಪಿನ ಆಕಾಶದಲ್ಲಿಯೂ ಹಾರಿತೆಂಬುದು ತಿಳಿಯದು. ಆ ವಿಮಾನಗಳ ಎಂಜಿನ್ನು ರೋಲ್ಸ್ ರಾಯ್ಸಿನವರ ಮೆರ್ಲಿನ್. ಅದಕ್ಕೆ ಊದುಯಂತ್ರವಿತ್ತು, ಕೇಂದ್ರಾಪಗಾಮಿ ಮಾದರಿಯದು. ಯುದ್ಧದ ಮೊದಲಲ್ಲಿ ಮೆರ್ಲಿನ್ನಿಗೆ ವಿಧಿಸಿದ್ದ ಬೂಸ್ಟು ಆರೂಕಾಲು ಪೌಂಡು. ನಿನ್ನದರ ಹಾಗೆಯೇ ಎನ್ನು. 1940ರಲ್ಲಿ ಅದನ್ನು 12ಕ್ಕೇರಿಸಿದರು. ಹೇಗೆ ಏರಿಸಿದರು? ಪುಲ್ಲಿ ಬದಲಾಯಿಸಿ ಅಲ್ಲ. ಮೊದಲು ಪೆಟ್ರೋಲನ್ನು ಬದಲಾಯಿಸಿದರು. 87 ಆಕ್ಟೇನಿನ ಬದಲು 100 ಆಕ್ಟೇನಿನದು ಬಂದಿತು; ಒತ್ತಿದರೂ ಬಿಸಿಮಾಡಿದರೂ ತಾನಾಗಿ ಸಿಡಿಯದಂತಹ ಪೆಟ್ರೋಲು. ಅದಾದ ಮೇಲೆಯೂ ಹನ್ನೆರಡು ಪೌಂಡನ್ನು ಐದು ನಿಮಿಷಕ್ಕೆ ಮಾತ್ರ, ಆಪತ್ತಿನಲ್ಲಿ ಮಾತ್ರವೆಂದು ಕಟ್ಟು ಮಾಡಿದರು. ಬಳಸಿದವನು ಇಳಿದೊಡನೆ ಹೇಳತಕ್ಕದ್ದು, ಎಂಜಿನ್ನನ್ನು ಪರೀಕ್ಷಿಸತಕ್ಕದ್ದು ಎಂದು. ಬೆನ್ನ ಹಿಂದೆ ಶತ್ರು ಗುಂಡು ಹಾರಿಸುತ್ತಿರುವವನಿಗೆ ಐದು ನಿಮಿಷ ಸಾಕೆಂದಾದ ಮೇಲೆ, ಬೆನ್ನ ಹಿಂದೆ ಆಟೋರಿಕ್ಷಾ ಹಾರನ್ನು ಮಾಡುತ್ತಿರುವ ನಿನಗೆ ಎಷ್ಟು ಬೇಕು?

ಅಳಿಯ: ಪೆಟ್ರೋಲಿನ ವಿಷಯವನ್ನು ನಾನೂ ಯೋಚಿಸಿದ್ದೇನೆ. ಹೆಚ್ಚು ಆಕ್ಟೇನಿನದು ಹಾಕಿಸಬಹುದು. ಅದಲ್ಲದೆ ಈಗ ಬಂಕಿನ ಪೆಟ್ರೋಲಿನಲ್ಲಿಯೇ ನೂರಕ್ಕೆ 20ರಷ್ಟು ಎಥನಾಲ್ ಬೆರೆತಿರುತ್ತದೆ. ಎಥನಾಲಿಗೆ ನಾಕಿಂಗನ್ನು ತಡೆಯುವ ಗುಣವಿದೆ.

ಮಾವ: ಇದೆ. ಆವಿಯಾಗುವಾಗ ಗಾಳಿಯನ್ನು ತಂಪುಗೊಳಿಸುವ ಗುಣವೂ ಇದೆ. ಆದರೆ ಅದಕ್ಕೆ ಹಸಿವು ಹೆಚ್ಚು ಎನ್ನುವುದಕ್ಕಿಂತ, ಎಂಜಿನ್ನಿಗೆ ಅದು ಹೆಚ್ಚು ಬೇಕಾಗುತ್ತದೆ ಎನ್ನಬೇಕು. ಒಂದು ಪಾಲು ಶುದ್ಧ ಪೆಟ್ರೋಲು ಉರಿಯಲು 14.7 ಪಾಲು ಗಾಳಿ ಬೇಕು. ಒಂದು ಪಾಲು ಎಥನಾಲಿಗೆ 9 ಪಾಲೇ ಸಾಕು. ಇದನ್ನೇ ತಿರುಗಿಸಿ ಹೇಳಿದರೆ, ಅಷ್ಟೇ ಗಾಳಿಗೆ ಹೆಚ್ಚು ಇಂಧನವನ್ನು ಸುರಿಯಬೇಕು. ಗಾಳಿಯನ್ನೂ ಹೆಚ್ಚಿಸಿ, ಎಥನಾಲನ್ನೂ ಬೆರೆಸಿದ ಮೇಲೆ ನಿನ್ನ ಇಂಜೆಕ್ಟರುಗಳು ಎರಡು ಕಡೆಯಿಂದಲೂ ದುಡಿಯಬೇಕಾಗುತ್ತದೆ. ಬೂಸ್ಟಿನಲ್ಲಿರುವಾಗ ಮಿಶ್ರಣವು ಪೆಟ್ರೋಲಿನ ಅಳತೆಯಲ್ಲಿ ಒಂದು ಪಾಲಿಗೆ ಹನ್ನೊಂದೂವರೆ ಹನ್ನೆರಡು ಪಾಲು ಗಾಳಿಯಷ್ಟು ಗಟ್ಟಿಯಾಗಿರಬೇಕು. ಗಾಳಿ ಹೆಚ್ಚಾಗಿ ಇಂಧನ ತೆಳುವಾಯಿತೋ, ಪಿಸ್ಟನ್ನಿನ ನೆತ್ತಿ ಕರಗಲು ಕೆಲವು ಕ್ಷಣ ಸಾಕು. ಇಂಜೆಕ್ಟರುಗಳು ಈಗ ನೂರಕ್ಕೆ ಎಷ್ಟು ಕೆಲಸ ಮಾಡುತ್ತಿವೆ?

ಅಳಿಯ: ಪೂರ್ತಿ ವೇಗದಲ್ಲಿ 86 ಎಂದು ಸ್ಕ್ಯಾನರಿನಲ್ಲಿ ಬಂದಿತ್ತು.

ಮಾವ: ಎಂಬತ್ತೈದಕ್ಕೆ ಮೇಲೆ ಹೋಗಬಾರದೆನ್ನುತ್ತಾರೆ. ಇನ್ನೂ ಒಂದು ತೊಟ್ಟು ಕೇಳಿದರೆ ಕೊಡಲು ಅವುಗಳ ಬಳಿ ಇಲ್ಲ. ಪುಲ್ಲಿಗೂ ಮೊದಲು ಕೂಲರು, ಕೂಲರಿಗೂ ಮೊದಲು ಇಂಜೆಕ್ಟರು, ಎಲ್ಲಕ್ಕೂ ಮೊದಲು ನಾಲ್ಕು ಸಿಲಿಂಡರುಗಳಲ್ಲಿಯೂ ಕಂಪ್ರೆಷನ್ ಸಮವಾಗಿದೆಯೆ ಎಂಬ ಪರೀಕ್ಷೆ. ಸೋರುವ ತಿದಿಯನ್ನು ಹೆಚ್ಚು ಒತ್ತಿದರೆ ಹೆಚ್ಚು ಸೋರುತ್ತದೆ. ಪ್ಲಗ್ಗು ಒಂದು ದರ್ಜೆ ತಣ್ಣಗಿನದು, ಅದರ ಸಂದು ಸ್ವಲ್ಪ ಕಿರಿದು. ಇದೆಲ್ಲ ನಿಮ್ಮ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನವರಿಗೆ ಗೊತ್ತಿರುವುದೇ.

ಅಳಿಯ: ನೀರು ಮತ್ತು ಮೆಥನಾಲನ್ನು ಬೆರೆಸಿ ಗಾಳಿಯೊಳಗೆ ಸಿಂಪಡಿಸುವ ಕ್ರಮವೊಂದಿದೆಯಂತೆ.

ಮಾವ: ಆಹಾ! ಅದಕ್ಕೂ ಈ ಊರಿನ ಹೊಗೆ ತಗುಲಿದೆ. ನಮ್ಮ ಕಾರ್ಖಾನೆಯ ಮೊದಲ ಹೆಸರೇ ಮೈಸೂರು ಮರ ಬಟ್ಟಿಯಿಳಿಸುವ ಮತ್ತು ಕಬ್ಬಿಣದ ಕಾರ್ಖಾನೆ ಎಂದಿತ್ತು. ಸೌದೆಯನ್ನು ಮುಚ್ಚಿದ ಪಾತ್ರೆಯಲ್ಲಿ ಕಾಯಿಸಿ ಇದ್ದಲು ಮಾಡುವಾಗ ಹೊರಟ ಹೊಗೆಯನ್ನು ವ್ಯರ್ಥವಾಗಗೊಡದೆ ಇಳಿಸಿದರೆ ಟಾರು, ಸುಣ್ಣದ ಅಸಿಟೇಟು, ಮತ್ತು ಮರದ ಮದ್ಯಸಾರ ದೊರೆಯುತ್ತಿದ್ದವು. ಆ ಮರದ ಮದ್ಯಸಾರವೇ ನಿನ್ನ ಮೆಥನಾಲು. ಜರ್ಮನರು ಯುದ್ಧದಲ್ಲಿ ಅದನ್ನು ನೀರಿನೊಡನೆ ಸಮಸಮವಾಗಿ ಬೆರೆಸಿ ಮೆಸರ್‌ಷ್ಮಿಟ್ ವಿಮಾನಗಳ ಊದುಯಂತ್ರದೊಳಕ್ಕೆ ಚಿಮ್ಮಿಸಿ ಹೆಚ್ಚಿನ ಬೂಸ್ಟನ್ನು ತಾಳಿಕೊಳ್ಳುವಂತೆ ಮಾಡಿದರು. ನೀರು ಬಿಸಿಯನ್ನು ಹೀರುತ್ತದೆ, ಮೆಥನಾಲು ಹೀರಿ ಆಮೇಲೆ ಉರಿಯುತ್ತದೆ. ಆದರೆ ಅದು ವಿಷ. ಕುಡಿದರೆ ಕಣ್ಣೇ ಹೋಗುತ್ತದೆ, ಹಗಲಿನಲ್ಲಿ ಹೊತ್ತಿಕೊಂಡರೆ ಜ್ವಾಲೆ ಕಾಣಿಸುವುದಿಲ್ಲ. ಬಳಸುವುದಾದರೆ ಒಂದು ನಿಯಮ: ಡಬ್ಬಿ ಬರಿದಾದರೆ ಬೂಸ್ಟು ತಾನಾಗಿ ತಗ್ಗಬೇಕು. ಅಂತಹ ಕಾವಲು ಇಲ್ಲದ ಸಿಂಪಡಿಕೆಯನ್ನು ನೆಚ್ಚಿಕೊಂಡವನು ಒಂದು ದಿನ ಡಬ್ಬಿ ತುಂಬಿಸಲು ಮರೆಯುತ್ತಾನೆ. ಮರೆಯದ ಮನುಷ್ಯರನ್ನು ನಾನು ಕಂಡಿಲ್ಲ.

ಅಳಿಯ: ಇಷ್ಟೆಲ್ಲ ತಾಪತ್ರಯವೇ ಬೇಡವೆಂದು ಈಗ ವಿದ್ಯುತ್ತಿನ ಕಾರು ಬಂದಿದೆ. ಅದಕ್ಕೆ ಊದುವ ಹಂಗಿಲ್ಲ.

ಮಾವ: ನಮ್ಮಲ್ಲಿಯೂ ಹಾಗೇ ಆಯಿತಲ್ಲ. ಜೋಗದ ವಿದ್ಯುತ್ತು ಬಂದ ಮೇಲೆ ಊದುಗಾಳಿಯೇ ಬೇಡದ ವಿದ್ಯುತ್ ಕುಲುಮೆಗಳು ಬಂದವು. ಆಗಿನ ಬ್ಲೋವರಿನವರಿಗೆ ಆದ ಹೊಟ್ಟೆಯುರಿಯನ್ನು ನಮ್ಮ ತಂದೆಯವರು ಕಥೆ ಮಾಡಿ ಹೇಳುತ್ತಿದ್ದರು. ಅದು ಹಾಗಿರಲಿ. ನಿನ್ನ ನೋಂದಣಿ ಪುಸ್ತಕದಲ್ಲಿ ಈ ಊದುಯಂತ್ರ ದಾಖಲಾಗಿದೆಯೆ?

ಅಳಿಯ: …

ಮಾವ: ಮೌನಕ್ಕೆ ಅರ್ಥವಾಯಿತು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣವನ್ನು ಓದು. ನೋಂದಣಿಯ ವಿವರಗಳು ತಯಾರಕನು ಮೂಲತಃ ನಿರ್ದೇಶಿಸಿದ್ದಕ್ಕಿಂತ ಬೇರೆಯಾಗುವಂತೆ ಬಂಡಿಯನ್ನು ಮಾರ್ಪಡಿಸಕೂಡದೆಂದು ಅದರಲ್ಲಿದೆ. ನಾಳೆ ಏನಾದರೂ ಆದರೆ ವಿಮೆಯವರು ಮೊದಲು ಎತ್ತುವುದು ಬಾನೆಟ್ಟನ್ನೇ. ಪಿಸ್ಟನ್ ಮುರಿದರೆ ನಿನ್ನ ಹಣ ಮಾತ್ರ ಹೋಗುತ್ತದೆ. ಆದರೆ ಶಕ್ತಿ ಹೆಚ್ಚಿಸಿಕೊಂಡ ಬಂಡಿಯ ಬ್ರೇಕು ಹಳೆಯದೇ ಆಗಿದ್ದರೆ ಹೋಗುವುದು ಎದುರಿಗೆ ಬಂದವನದು. ಆರ್.ಟಿ.ಓ. ಕಚೇರಿಯಲ್ಲಿ ವಿಚಾರಿಸುವುದು ಪುಲ್ಲಿಯ ಮುಂಚಿನ ಕೆಲಸ, ಇಂಜೆಕ್ಟರಿಗಿಂತಲೂ ಮುಂಚಿನದು. ಅದನ್ನು ನಾನು ಮೊದಲೇ ಹೇಳಬೇಕಿತ್ತು, ಲೆಕ್ಕದ ಹುಮ್ಮಸ್ಸಿನಲ್ಲಿ ಮರೆತೆ.

ಅಳಿಯ: ಆಯಿತು. ವಿಚಾರಿಸುತ್ತೇನೆ. ಕೂಲರ್ ಹಾಕಿಸುತ್ತೇನೆ, ಇಂಜೆಕ್ಟರ್ ಬದಲಾಯಿಸುತ್ತೇನೆ, ಬೆಂಗಳೂರಿಗೆ ಒಯ್ದು ಶಕ್ತಿಯಳೆಯುವ ಡೈನೋ ಮೇಲೆ ಟ್ಯೂನ್ ಮಾಡಿಸುತ್ತೇನೆ, ಬಿ.ಎಚ್. ರಸ್ತೆಯಲ್ಲಿ ಪರೀಕ್ಷೆ ಮಾಡುವುದಿಲ್ಲ. ಅನಂತರವಾದರೂ ಈ ಪುಲ್ಲಿಯನ್ನು ಹಾಕಬಹುದೆ?

ಮಾವ: ಒಳಗಿನಿಂದ ನನ್ನ ವರ್ನಿಯರ್ ತಾ. ದೇವರ ಕೋಣೆಯ ಗೂಡಿನಲ್ಲಿದೆ… ಹೂಂ, 68ಕ್ಕೆ ಸರಿಯಾಗಿದೆ. ಲೇತಿನವನ ಕೈ ಒಳ್ಳೆಯದು. ಎಂಜಿನ್ನಿನ ದಂಡದ ಮೇಲಿನ ಪುಲ್ಲಿ ಎಷ್ಟರದು?

ಅಳಿಯ: 150. ಎಂಜಿನ್ನಿನ ಪರಮ ವೇಗ ನಿಮಿಷಕ್ಕೆ 6,500 ಸುತ್ತು.

ಮಾವ: 75ರ ಪುಲ್ಲಿಯಲ್ಲಿ ಊದುಯಂತ್ರ 13,000 ಸುತ್ತು ತಿರುಗುತ್ತಿತ್ತು. ಇದರಲ್ಲಿ 14,300ನ್ನು ದಾಟುತ್ತದೆ. ಮಾಡಿದವನು ಎಷ್ಟರವರೆಗೆ ತಿರುಗಿಸಬಹುದೆಂದಿದ್ದಾನೆ?

ಅಳಿಯ: ಅದರ ಮೇಲಿನ ಚೀಟಿಯಲ್ಲಿ… 14,000.

ಮಾವ: ಆ ಎರಡು ಸೌತೆಕಾಯಿಗಳ ನಡುವೆ ಕೂದಲೆಳೆಯಷ್ಟು ಸಂದು ಇರುತ್ತದೆ. ಬಿಸಿಗೆ ಅವು ಹಿಗ್ಗುತ್ತವೆ. ಒಂದನ್ನೊಂದು ಮುಟ್ಟಿದ ದಿನ ಅವುಗಳ ಪುಡಿಯೆಲ್ಲ ಹೋಗುವುದು ನಿನ್ನ ಸಿಲಿಂಡರಿನೊಳಕ್ಕೆ. ಇದನ್ನು ಇಲ್ಲಿಯೇ ಬಿಟ್ಟು ಹೋಗು.

ಅಳಿಯ: ಮಾವ, ಇದಕ್ಕೆ ನಾಲ್ಕು ಸಾವಿರ ಕೊಟ್ಟಿದ್ದೇನೆ.

ಮಾವ: 71ರದು ಒಂದನ್ನು ಮಾಡಿಸು. 13,700 ಸುತ್ತಿನ ಆಸುಪಾಸಿನಲ್ಲಿ ನಿಲ್ಲುತ್ತದೆ. ಕೂಲರ್ ಹಾಕಿಸಿದ ಮೇಲೆ ಬಾಗಿಲ ಬಳಿಯ ಗಾಳಿಯ ಬಿಸಿ, ಮಿಶ್ರಣದ ಅಳತೆ, ಇಂಜೆಕ್ಟರಿನ ಕೆಲಸ, ಈ ಮೂರನ್ನೂ ಏಪ್ರಿಲ್ ಮಧ್ಯಾಹ್ನದಲ್ಲಿ ಅಳೆದು ಬರೆದುಕೊಂಡು ಬಾ. ಡಿಸೆಂಬರಿನಲ್ಲಿ ಅಳೆದದ್ದನ್ನು ನಾನು ನೋಡುವುದಿಲ್ಲ.

ಅಳಿಯ: ಈ 68ರದನ್ನು ಏನು ಮಾಡುವುದು?

ಮಾವ: ಬಾಗಿಲಿಗೆ ಅಡ್ಡ ಇಡಲು ಒಂದು ಭಾರದ ವಸ್ತು ಬೇಕೆಂದು ನಿನ್ನ ಅತ್ತೆ ಹೇಳುತ್ತಲೇ ಇದ್ದಾಳೆ, ಮಧ್ಯಾಹ್ನದ ಗಾಳಿಗೆ ಅದು ಪಟಾರನೆ ಹೊಡೆದುಕೊಳ್ಳುತ್ತದೆ. ಏಳು, ಕಾಫಿ ಆರುತ್ತಿದೆ.